ಹಾರ್ಲನ್ ಕೂನ್ಸ್‌ನ ಸೊಟ್ಟ ನಳಿಗೆ

ಆ ಶನಿವಾರ ಬೆಳಿಗ್ಗೆ ಹಾರ್ಲನ್ ಕೂನ್ಸ್ ಬಾಯಿ ಮುಚ್ಚಿಕೊಂಡು ಎರಡು ಮೊಟ್ಟೆ ತಿಂದು ಎದ್ದು ಬಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಟ್ಯಾನರ್ಸ್ ಫಾರ್ಕ್ ಊರಿಗೆ ಇರುವುದೇ ಒಂದು ಹೋಟೆಲು, ಅಲ್ಲಿ ಬಾಯಿ ಮುಚ್ಚಿಕೊಂಡು ಮೊಟ್ಟೆ ತಿಂದವರು ಇದುವರೆಗೆ ಯಾರೂ ಇಲ್ಲ. ಎರಡನೇ ಲೋಟ ಕಾಫಿ ಮುಗಿಯುವ ಹೊತ್ತಿಗೆ ಹಾರ್ಲನ್ ಬಾಯಿ ಬಿಟ್ಟ.

"ಇವತ್ತು ನಮ್ಮ ಕೋರಾಗೆ ಒಂದು ರೈಫಲ್ ತರೋಣ ಅಂತ ಹೊರಟಿದ್ದೀನಿ. ಒಂಟಿ ಗುಂಡಿಂದು. ಸಣ್ಣದೊಂದು, ಕೈಗೆಟುಕೋ ಬೆಲೆಗೆ."

ಹೋಟೆಲಿನಲ್ಲಿ ಎಲ್ಲರ ಫೋರ್ಕುಗಳೂ ಒಟ್ಟಿಗೆ ನಿಂತವು. ಸೋಮವಾರ ಬೆಳಗಾದರೆ ಜಿಂಕೆ ಬೇಟೆ ಶುರು. ಅವತ್ತು ಶಾಲೆಗೂ ರಜೆ, ಹಾಗಾಗಿ ಶಾಲೆಯ ಬಸ್ಸು ಓಡಿಸುವ ಹಾರ್ಲನ್‌ಗೂ ರಜೆ. ಅಂಥ ಹೊತ್ತಿನಲ್ಲಿ ಒಬ್ಬ ಮನುಷ್ಯ ರೈಫಲ್ ಕೊಳ್ಳುತ್ತೇನೆ ಎಂದರೆ, ಅವನನ್ನು ಒಬ್ಬನೇ ಕಳಿಸುವಷ್ಟು ಕಲ್ಲುಮನಸ್ಸಿನವರು ಆ ಬೆಟ್ಟಗಳಲ್ಲಿ ಯಾರೂ ಇಲ್ಲ.

"ಒಂಟಿ ಗುಂಡು ಯಾಕೆ? ಪಾಪ, ಮಗು. ಮೊದಲನೇದು ತಪ್ಪಿದ್ರೆ ಏನು ಮಾಡುತ್ತೆ, ಜಿಂಕೆಗೆ ಟಾಟಾ ಮಾಡುತ್ತಾ?" ಎಂದ ಅರ್ಲ್ ಬಿಟ್ನರ್. ಎಪ್ಪತ್ತೆರಡು ವರ್ಷದ ಅರ್ಲ್, ಬೆಟ್ಟದ ಮೇಲಿನ ಬೇಟೆ ಮನೆಯ ಯಜಮಾನ.

"ನನ್ನ ಹೆಂಡ್ತಿ ಡೋರೀನ್ ಹಾಗೇ ಹೇಳಿದ್ದಾಳೆ ಅರ್ಲ್. ಒಂದೇ ಗುಂಡು ಅಂತ ಗೊತ್ತಿದ್ರೆ ಮನುಷ್ಯ ಹೊಡೆಯೋ ಮುಂಚೆ ಯೋಚನೆ ಮಾಡ್ತಾನಂತೆ. ಇನ್ನೂರು ಡಾಲರ್ ದಾಟಬಾರದಂತೆ, ಹುಡುಗಿ ಭುಜ ನೀಲಿಗಟ್ಟಬಾರದಂತೆ."

"ಭುಜಕ್ಕೆ ಆನಿಸೋ ಹಿಡಿ ಎಷ್ಟುದ್ದ ಇರಬೇಕು ಅಂತ ಹೇಳಿದ್ಲಾ?" ಪಕ್ಕದ ಮೇಜಿನಿಂದ ವರ್ನ್ ಶೇಫರ್ ಕೇಳಿದ. ವರ್ನ್ ಬಡಗಿ, ಹಾರ್ಲನ್‌ನ ಪಕ್ಕದ ಮನೆಯವನು. ಜೇಬಿನಿಂದ ಅಳತೆಪಟ್ಟಿ ತೆಗೆದು ಆಗಲೇ ಎದ್ದು ನಿಂತಿದ್ದ. "ಅಳತೆ ಸರಿ ಇಲ್ದಿದ್ರೆ ಎಂಥ ಕೋವಿನೂ ವೇಸ್ಟು. ನಡಿ, ನಾನೂ ಬರ್ತೀನಿ."

"ನಾನೂ," ಎಂದ ಅರ್ಲ್.

ಹಾರ್ಲನ್ ಬೇಡ ಎನ್ನಲಿಲ್ಲ. ಅವನಿಗೂ ಒಳಗೊಳಗೇ ಖುಷಿ. ಯಾಕೆಂದರೆ ರೈಫಲಿನ ವಿಷಯದಲ್ಲಿ, ಅದರಲ್ಲೂ ನಳಿಗೆಯ ವಿಷಯದಲ್ಲಿ, ಟ್ಯಾನರ್ಸ್ ಫಾರ್ಕಿನಲ್ಲಿ ಅವನ ಮಾತೇ ಕೊನೆಯ ಮಾತು. ಆ ಪಟ್ಟ ಅವನಿಗೆ ಸಿಕ್ಕಿದ ಬಗೆಯನ್ನು ಇಲ್ಲಿ ಹೇಳಲೇಬೇಕು.

ಅರ್ಲನ ಬೇಟೆ ಮನೆಯಲ್ಲಿ ಒಂದು ಕಾನೂನು ಉಂಟು. ಜಿಂಕೆಗೆ ಗುಂಡು ಹಾರಿಸಿ ಯಾರು ಗುರಿ ತಪ್ಪುತ್ತಾರೋ ಅವರ ಅಂಗಿಯ ಹಿಂಭಾಗ ಕತ್ತರಿಸಿ, ಹೆಸರು, ವರ್ಷ ಬರೆದು ಗೋಡೆಗೆ ಮೊಳೆ ಹೊಡೆಯುತ್ತಾರೆ. ಬ್ಯಾಂಕಿನ ಮ್ಯಾನೇಜರನಿರಲಿ, ಪಾದ್ರಿಯಿರಲಿ, ಕತ್ತರಿಗೆ ಭೇದವಿಲ್ಲ. ಅರ್ಲನದೇ ನಾಲ್ಕು ತುಂಡು ಅಲ್ಲಿವೆ. ಇಡೀ ಗೋಡೆಯಲ್ಲಿ ಹೆಸರಿಲ್ಲದವನು ಒಬ್ಬನೇ, ಹಾರ್ಲನ್ ಕೂನ್ಸ್. ಅವನೇನು ಗುರಿ ತಪ್ಪಿಲ್ಲವೆಂದಲ್ಲ. ಹನ್ನೆರಡನೇ ವಯಸ್ಸಿನಿಂದ ಇಪ್ಪತ್ತಮೂರರವರೆಗೆ ಒಂಬತ್ತು ಜಿಂಕೆಗಳಿಗೆ ಗುಂಡು ಹಾರಿಸಿದ್ದ, ಒಂಬತ್ತೂ ನೆಮ್ಮದಿಯಾಗಿ ಮನೆಗೆ ಹೋಗಿದ್ದವು. ಆದರೆ ಪ್ರತಿಸಲವೂ ಅವನು ಕತ್ತರಿಯ ಮುಂದೆ ನಿಂತು ಒಂದೇ ಮಾತು ಹೇಳುತ್ತಿದ್ದ: "ನಳಿಗೆ ಸೊಟ್ಟ ಇದೆ. ತಪ್ಪು ನಂದಲ್ಲ, ಕೋವಿದು." ಕೋವಿಯ ತಪ್ಪಿಗೆ ಅಂಗಿ ಕತ್ತರಿಸಬಾರದು ಎಂಬುದೂ ಕಾನೂನೇ. ಕೊನೆಗೆ ಒಂದು ದಿನ, ಸಿಟ್ಟು ತಡೆಯಲಾರದೆ ಆ ಸೊಟ್ಟ ಕೋವಿಯನ್ನು ಕಬ್ಬಿಣದ ಸೇತುವೆಯ ಮೇಲಿಂದ ನದಿಗೆ ಎಸೆದೆ ಎಂದು ಅವನು ಬಂದು ಹೇಳಿದಾಗ ಇಡೀ ಬೇಟೆ ಮನೆ ಎದ್ದು ನಿಂತು ಚಪ್ಪಾಳೆ ತಟ್ಟಿತ್ತು.

ಆಮೇಲೆ ಅವನು ಕೋವಿ ಮುಟ್ಟಲಿಲ್ಲ. ಬೇಟೆ ಮನೆಯ ಅಡುಗೆಯವನಾದ. ಆದರೆ ಸೊಟ್ಟ ನಳಿಗೆಯನ್ನು ಕಣ್ಣಳತೆಯಲ್ಲೇ ಕಂಡುಹಿಡಿದವನು ಎಂಬ ಹೆಸರು ಹದಿನೆಂಟು ವರ್ಷ ಅವನ ಬೆನ್ನು ಬಿಡಲಿಲ್ಲ. ಹೊಸ ಕೋವಿ ತಂದವರೆಲ್ಲ ಅವನ ಮನೆಗೆ ಹೊತ್ತು ತರುತ್ತಿದ್ದರು. ಹಾರ್ಲನ್ ಒಂದು ಕಣ್ಣು ಮುಚ್ಚಿ, ನಳಿಗೆಯೊಳಗೆ ಇಣುಕಿ, ಬೇಕಾದಷ್ಟು ಹೊತ್ತು ಹಾಗೇ ನಿಂತು "ಹೂಂ, ನೇರ" ಅನ್ನುತ್ತಿದ್ದ. ಗೋಡೆಯ ಮೇಲೆ ಹೆಸರಿಲ್ಲದಿರುವುದು ಅವನ ಬಾಳಿನ ಒಂದೇ ಆಸ್ತಿ ಅಂದರೂ ತಪ್ಪಿಲ್ಲ. ಮಗಳು ಕೋರಾ ಶಾಲೆಯಲ್ಲಿ "ನಮ್ಮಪ್ಪನ ಅಂಗಿ ಇನ್ನೂ ಪೂರ್ತಿ ಇದೆ" ಎಂದು ಹೇಳಿಕೊಂಡು ತಿರುಗುತ್ತಿದ್ದಳು.

ಕೋರಾಗೆ ಹನ್ನೆರಡು. ಬೇಟೆ ಲೈಸೆನ್ಸಿನ ಪರೀಕ್ಷೆಯಲ್ಲಿ ಐವತ್ತಕ್ಕೆ ಐವತ್ತು ತೆಗೆದವಳು. ಮನೆಯ ಮುಂದೆ ಅಪ್ಪನ ಪಿಕಪ್ ಬಂದಾಗ ಅದರ ಹಿಂದೆ ಇನ್ನೆರಡು ಪಿಕಪ್ ಕಂಡು ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. ಅವಳ ಜೊತೆ ಅಜ್ಜಿ ಎಡ್ನಾ ಕೂಡ ಕೋಟು ಹಾಕಿಕೊಂಡು ಮೆಟ್ಟಿಲ ಮೇಲೆ ಸಿದ್ಧವಾಗಿ ನಿಂತಿದ್ದಳು. ಎಡ್ನಾ ಹಾರ್ಲನ್‌ನ ಅತ್ತೆ, ಎಪ್ಪತ್ತೆಂಟು ವರ್ಷ, ಎರಡೂ ಕಣ್ಣಲ್ಲಿ ಪೊರೆ, ಮುಂದಿನ ವಾರ ಆಪರೇಷನ್ನು.

"ಅತ್ತೇ, ನೀವ್ಯಾಕೆ ಈ ಚಳೀಲಿ?"

"ಅರವತ್ತು ವರ್ಷದಿಂದ ಒಂಟಿ ಗುಂಡಲ್ಲೇ ಹೊಡೀತಿರೋಳು ನಾನು. ನೀವು ಪಲ್ಯ ಮಾಡೋರು. ಸರೀರಿ ಅಳಿಯದೇವ್ರೇ, ಕೂರೋಕೆ ಜಾಗ ಬಿಡಿ."

ಮೊದಲ ಠಿಕಾಣೆ ಅರ್ಲನ ಭಾವಮೈದುನನ ಕೊಟ್ಟಿಗೆ. ಅಲ್ಲಿದ್ದದ್ದು ಎಮ್ಮೆ ಹೊಡೆಯುವಂಥ ದಪ್ಪ ತೋಟಾದ ಹಳೇ ಕೋವಿ. "ಇದೊಂದು ಹೊಡೆದ್ರೆ ಸಾಕು, ಎರಡನೇ ಗುಂಡು ಯಾಕೆ ಬೇಕು?" ಎಂದು ಅರ್ಲ್ ಅದನ್ನು ಹೊಗಳಿದ. ಹಾರ್ಲನ್ ಕೋವಿಯನ್ನು ನಡುವೆ ಮಡಚಿ, ಖಾಲಿ ಇದೆಯೆಂದು ನೋಡಿ, ನಳಿಗೆಗೆ ಕಣ್ಣಿಟ್ಟು ಗಂಭೀರವಾಗಿ ಇಣುಕಿದ. ಎರಡು ವರ್ಷದ ಎಣ್ಣೆ, ಮಸಿ ಎಲ್ಲ ಸೇರಿ ಅವನ ಬಲಗಣ್ಣಿನ ಸುತ್ತ ಒಂದು ಕಪ್ಪು ಬಳೆ ಮೂಡಿತು. "ಹೂಂ, ನೇರ" ಎಂದ. ಬಳೆಯ ವಿಷಯ ಯಾರೂ ಎತ್ತಲಿಲ್ಲ, ತಜ್ಞರ ಮುಖದ ಬಗ್ಗೆ ಮಾತಾಡುವುದು ಮರ್ಯಾದೆಯಲ್ಲ ಎಂದುಕೊಂಡರೋ ಏನೋ.

"ಒದೆ ಜಾಸ್ತಿ ಇರುತ್ತೆ," ಎಂದಳು ಎಡ್ನಾ.

"ಏನೂ ಇಲ್ಲ, ಹೂವು ತಾಗಿದ ಹಾಗಿರುತ್ತೆ," ಎಂದ ಅರ್ಲ್. "ವರ್ನ್, ತೋರಿಸು ಒಂದ್ಸಲ."

ವರ್ನ್ ಬೆಟ್ಟದ ಕಡೆ ಮುಖ ಮಾಡಿ ಹೊಡೆದ. ಹೊಗೆ ಚದುರಿದಾಗ ಬೆಟ್ಟ ಅಲ್ಲೇ ಇತ್ತು, ವರ್ನ್ ಇರಲಿಲ್ಲ. ಹಿಂದೆ ದನಗಳಿಗೆ ನೀರು ಕುಡಿಸುವ ತೊಟ್ಟಿಯಲ್ಲಿ, ತೆಳ್ಳಗೆ ಮಂಜುಗಟ್ಟಿದ್ದ ನೀರನ್ನು ಒಡೆದುಕೊಂಡು ಕೂತಿದ್ದ. ಕೈ ಮಾತ್ರ ಮೇಲಿತ್ತು, ಅದರಲ್ಲಿ ಅಳತೆಪಟ್ಟಿ.

"ಕೋವಿ ಹಿಡಿ," ಎಂದ ವರ್ನ್ ಹಲ್ಲು ಕಟಕಟಿಸುತ್ತ, "ಒಂದಿಂಚು ಉದ್ದ ಇದೆ."

ಕೋರಾ ನಕ್ಕು ನಕ್ಕು ಪಿಕಪ್ಪಿಗೆ ಒರಗಿದಳು. ವರ್ನ್‌ಗೆ ಅರ್ಲನ ಭಾವಮೈದುನನ ಪ್ಯಾಂಟು ತೊಡಿಸಿ, ಅದು ಮೊಣಕಾಲಿಂದ ಸ್ವಲ್ಪವೇ ಕೆಳಗೆ ಬರುತ್ತಿದ್ದುದರಿಂದ ಎಡ್ನಾಳ ಶಾಲು ಸುತ್ತಿ, ಮೆರವಣಿಗೆ ಮುಂದೆ ಹೊರಟಿತು.

ಬರ್ನೀಸಳ ಅಂಗಡಿ ಊರ ಹೊರಗೆ ರಸ್ತೆ ಬದಿಯಲ್ಲಿದೆ. ಮುಂದೆ ದನದ ಮೇವು, ಮೊಳೆ, ಒಲೆಯ ಕೊಳವೆ. ಹಿಂದಿನ ಗೋಡೆಯ ಮೇಲೆ ಕೋವಿಗಳು. ಕಪ್ಪು ಬಳೆ ತೊಟ್ಟ ಕಣ್ಣೊಂದು, ಶಾಲು ಸುತ್ತಿಕೊಂಡ ಬಡಗಿಯೊಬ್ಬ ಒಳಗೆ ಬಂದದ್ದನ್ನು ನೋಡಿ ಬರ್ನೀಸ್ ಏನನ್ನೂ ಕೇಳಲಿಲ್ಲ. ಬೇಟೆಯ ಹಿಂದಿನ ಶನಿವಾರ ಅವಳು ಇದಕ್ಕಿಂತ ಹೆಚ್ಚಿನದನ್ನು ನೋಡಿದ್ದಳು.

"ಒಂಟಿ ಗುಂಡಿಂದು, ಮಕ್ಕಳಿಗೆ," ಎಂದ ಹಾರ್ಲನ್.

ಬರ್ನೀಸ್ ಕೋಲು ಹಾಕಿ ಮೂಲೆಯದೊಂದನ್ನು ಇಳಿಸಿದಳು. ನಡುವೆ ಮಡಚುವಂಥ ಸಣ್ಣ ರೈಫಲ್, ಇನ್ನೂರ ನಲವತ್ತಮೂರು ನಂಬರಿನ ತೋಟಾ, ಒದೆ ಕಡಿಮೆ. ಮರಕ್ಕೆ ಹೊಸ ವಾರ್ನಿಷ್ ಹೊಡೆದು ಕಬ್ಬಿಣಕ್ಕೆ ಹೊಸ ನೀಲಿ ಬಣ್ಣ ಕೊಟ್ಟಿದ್ದರು. "ನೂರಾ ಎಪ್ಪತ್ತೈದು. ಓಹಾಯೋ ಕಡೆ ಒಂದು ಹರಾಜಲ್ಲಿ ಸಿಕ್ತು."

ಹಾರ್ಲನ್ ಅದನ್ನು ಭುಜಕ್ಕೆ ಏರಿಸಿದ. ಏರಿಸಿದವನು ಇಳಿಸಲಿಲ್ಲ. ಕೆನ್ನೆ ತಾನಾಗಿ ಮರಕ್ಕೆ ಹೋಗಿ ಕೂತಿತು, ಬೆರಳು ತಾನಾಗಿ ಗುಂಡು ಹಾರಿಸುವ ಕುದುರೆಯನ್ನು ಹುಡುಕಿಕೊಂಡಿತು. ಎಷ್ಟೋ ಕಾಲದಿಂದ ಗೊತ್ತಿದ್ದವರು ರಸ್ತೆಯಲ್ಲಿ ಸಿಕ್ಕಂತಾಯಿತು ಅವನಿಗೆ. ಮಡಚಿ, ಕಣ್ಣಿಟ್ಟು ಇಣುಕಿದ. ಒಂದು ನಿಮಿಷ, ಎರಡು ನಿಮಿಷ. ಅಂಗಡಿಯಲ್ಲಿದ್ದವರೆಲ್ಲ ಮೇವಿನ ಚೀಲ ಬಿಟ್ಟು ಹತ್ತಿರ ಬಂದರು.

"ನೇರ," ಎಂದ ಹಾರ್ಲನ್. ಆಮೇಲೆ ಆ ಮಾತು ಅವನಿಗೇ ಸಾಲದೆನಿಸಿತು. "ನನ್ನ ಜೀವಮಾನದಲ್ಲಿ ಇಂಥ ನೇರ ನಳಿಗೆ ನೋಡಿಲ್ಲ ರೀ. ಈ ಕೋವೀಲಿ ಗುರಿ ತಪ್ಪೋನಿದ್ರೆ ಅವನು ಕೋವಿ ಹಿಡಿಯೋಕೇ ಲಾಯಕ್ಕಿಲ್ಲ."

"ಬರ್ಕೊಡ್ತೀಯಾ?" ಎಂದ ಅರ್ಲ್ ನಗುತ್ತ.

"ಬರ್ಕೊಡ್ತೀನಿ! ಬರ್ನೀಸ್, ನಳಿಗೆ ಏನಾದ್ರೂ ಬದಲಾಯಿಸಿದಾರಾ?"

"ಇಲ್ಲಪ್ಪ. ಹುಟ್ಟಿದಾಗ ಇದ್ದದ್ದೇ. ವಾರ್ನಿಷ್ಷು, ನೀಲಿ ಮಾತ್ರ ಹೊಸದು. ನಾನೂ ಬರ್ಕೊಡ್ತೀನಿ."

ರಸೀತಿಯ ಹಿಂದೆ ಬರ್ನೀಸ್ ಬರೆದಳು, 'ನಳಿಗೆ ಮೂಲದ್ದು' ಅಂತ. ಕೆಳಗೆ ಹಾರ್ಲನ್ ಬರೆದ, 'ಪರೀಕ್ಷಿಸಿದ್ದೇನೆ. ನೂಲಿನಷ್ಟು ನೇರ. ಹಾರ್ಲನ್ ಕೂನ್ಸ್.' ಅರ್ಲ್ ಸಾಕ್ಷಿ ಹಾಕಿದ. ಕೋರಾ ಅಪ್ಪನನ್ನು ನೋಡಿದ ನೋಟದಲ್ಲಿ ಇಡೀ ರಾಜ್ಯಕ್ಕೆ ಸಾಲುವಷ್ಟು ಹೆಮ್ಮೆ ಇತ್ತು. ಹಾರ್ಲನ್ ದುಡ್ಡು ಕೊಟ್ಟು, ರಸೀತಿ ಮಡಚಿ ಎದೆಯ ಜೇಬಿಗೆ ಹಾಕಿಕೊಂಡ. ಅವತ್ತಿನಷ್ಟು ಸಂತೋಷ ಅವನು ತನ್ನ ಮದುವೆಯ ದಿನವೂ ಪಟ್ಟಿರಲಿಲ್ಲ.

ಇಲ್ಲಿಗೇ ಮನೆಗೆ ಹೋಗಬಹುದಿತ್ತು. ಆದರೆ ಹೊಸ ಕೋವಿ ತೆಗೆದುಕೊಂಡು ಹೊಡೆದು ನೋಡದೆ ಹೋಗುವವರು ಆ ಊರಲ್ಲಿಲ್ಲ. ಅಂಗಡಿಯ ಹಿಂದೆ ಮಣ್ಣಿನ ದಿಬ್ಬಕ್ಕೆ ಒರಗಿಸಿ ಹುಲ್ಲಿನ ಪಿಂಡಿ ಇಟ್ಟು ಅದಕ್ಕೊಂದು ಕಾಗದದ ತಟ್ಟೆ ಚುಚ್ಚಿದರು. ಹತ್ತು ಹೆಜ್ಜೆ ಆಚೆಗೆ, ಮೊನ್ನೆಯ ಹಬ್ಬಕ್ಕೆ ಮಾರಾಟವಾಗದೆ ಉಳಿದ ಕುಂಬಳಕಾಯಿಗಳ ರಾಶಿ.

ಅರ್ಲ್ ಹೊಡೆದ, ತಟ್ಟೆಯ ನಡುವಿಗೆ. ನಡುಗುತ್ತಿದ್ದ ವರ್ನ್ ಶಾಲು ಸರಿಮಾಡಿಕೊಂಡು ಹೊಡೆದ, ನಡುವಿಗೆ. ಬರ್ನೀಸ್ ಗಿರಾಕಿಗೆ ಚಿಲ್ಲರೆ ಕೊಡುತ್ತ ಕೊಡುತ್ತ ಹೊರಗೆ ಬಂದು ಹೊಡೆದು ಒಳಗೆ ಹೋದಳು, ಅದೂ ನಡುವಿಗೆ.

"ತಟ್ಟೆ ಎಲ್ಲಿದೆ?" ಎಂದಳು ಎಡ್ನಾ.

"ಅಜ್ಜೀ, ಅಲ್ಲಿ, ಬೆಳ್ಳಗೆ."

"ನಂಗೆ ಎಲ್ಲಾನೂ ಬೆಳ್ಳಗೇ ಕಾಣೋದು." ಹೊಡೆದಳು. ತಟ್ಟೆಯ ತೂತುಗಳ ಪಕ್ಕದಲ್ಲೇ ಇನ್ನೊಂದು ತೂತು.

ಕೊನೆಗೆ ಕೋರಾ. ನಿಧಾನವಾಗಿ ಉಸಿರು ಬಿಟ್ಟು, ಕುದುರೆ ಒತ್ತಿದಳು. ತಟ್ಟೆಯ ನಟ್ಟನಡುವೆ ಹೊಸ ತೂತೊಂದು ಬಿತ್ತು. ಎಲ್ಲರೂ ಕೇಕೆ ಹಾಕಿದರು, ಹಾರ್ಲನ್ ಮಗಳನ್ನು ಎತ್ತಿ ತಿರುಗಿಸಿದ, ತೂಕ ತಾಳದೆ ಇಳಿಸಿದ.

"ಎಲ್ಲಾ ಸರಿ," ಎಂದ ವರ್ನ್ ಕೋರಾಳ ಮೊಣಕೈಗೆ ಪಟ್ಟಿ ಹಿಡಿಯುತ್ತ. "ಆದ್ರೆ ಹಿಡಿ ಒಂದೂವರೆ ಇಂಚು ಉದ್ದ. ಕತ್ತು ಚಾಚ್ತಿದ್ದಾಳೆ ನೋಡಿ. ಇಲ್ಲೇ ಕೊಯ್ದು ಕೊಡ್ತೀನಿ, ಗರಗಸ ಗಾಡೀಲಿದೆ. ಹಿಂದಿನ ರಬ್ಬರ್ ತಟ್ಟೆ ಬಿಚ್ಚಿದ್ರೆ ಐದು ನಿಮಿಷದ ಕೆಲ್ಸ."

ಎರಡು ಸ್ಕ್ರೂ. ಮೊದಲನೆಯದು ಸುಲಭವಾಗಿ ಬಂತು. ಎರಡನೆಯದಕ್ಕೆ ವರ್ನ್ ಸ್ವಲ್ಪ ಬೈದ. ರಬ್ಬರ್ ತಟ್ಟೆ ಕಳಚಿತು. ವಾರ್ನಿಷ್ ತಾಗದ ಹಳೇ ಮರದ ಮೇಲೆ ಮೊಳೆಯಲ್ಲಿ ಗೀಚಿದ ಅಕ್ಷರಗಳಿದ್ದವು. ವರ್ನ್ ಅದನ್ನು ಬೆಳಕಿಗೆ ಹಿಡಿದು ಗಟ್ಟಿಯಾಗಿ ಓದಿದ.

"'ಇದು ಹಾರ್ಲನ್ ಕೂನ್ಸ್‌ನ ಕೋವಿ. ವಯಸ್ಸು ಹನ್ನೆರಡು. ಯಾರೂ ಮುಟ್ಟಬಾರದು. ಡೇಲ್, ನೀನಂತೂ ಮುಟ್ಟಲೇಬಾರದು.'"

ಡೇಲ್ ಎಂದರೆ ಹಾರ್ಲನ್‌ನ ತಮ್ಮ. ಅದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಗಾಳಿಗೆ ಕಾಗದದ ತಟ್ಟೆ ಪಟಪಟ ಅಂತು. ಹಾರ್ಲನ್‌ನ ಮುಖದಲ್ಲಿ ಕಪ್ಪು ಬಳೆಯೊಂದನ್ನು ಬಿಟ್ಟು ಬೇರೆ ಯಾವ ಬಣ್ಣವೂ ಉಳಿಯಲಿಲ್ಲ.

"ಇದು," ಎಂದ ಅರ್ಲ್ ನಿಧಾನವಾಗಿ, "ನದೀಲಿ ಇರಬೇಕಿತ್ತಲ್ವಾ?"

"ಅದೇ ನೋಡಿ ಅರ್ಲ್, ಯಾರೋ ತೆಗ್ದಿರ್ಬೇಕು. ನೀರಿನ ಸೆಳೆತಕ್ಕೆ... ನಳಿಗೆ ನೇರ ಆಗಿರ್ಬೇಕು."

"ತುಕ್ಕೂ ಹಿಡೀದೆ?" ಎಂದಳು ಎಡ್ನಾ. "ಓಹಾಯೋಗೆ ಈಜ್ಕೊಂಡು ಹೋಯ್ತಾ ಅಳಿಯದೇವ್ರೇ? ಆ ನದಿ ಹರಿಯೋದು ಈ ಕಡೆಗೆ."

"ಅಪ್ಪಾ?" ಎಂದಳು ಕೋರಾ.

ಹಾರ್ಲನ್ ಬೇರೆ ಯಾರ ಮುಂದಾದರೂ ಇನ್ನೊಂದು ಸುಳ್ಳು ಕಟ್ಟುತ್ತಿದ್ದನೇನೋ, ಅವಳ ಮುಂದೆ ನಾಲಿಗೆ ಏಳಲಿಲ್ಲ. "ಮಾರ್‌ಬಿಟ್ಟೆ," ಎಂದ. "ಸಂತೇಲಿ. ಅರವತ್ತು ಡಾಲರು, ಜೊತೆಗೊಂದು ಹಳೇ ಕಾರಿನ ಬ್ಯಾಟರಿ."

"ಹಾಗಾದ್ರೆ," ಎಂದ ಅರ್ಲ್, "ಆ ಒಂಬತ್ತು ಸಲ?"

ಹಾರ್ಲನ್ ಜೇಬಿಗೆ ಕೈ ಹಾಕಿದ. ಏನೋ ಹೇಳಲು ಹೊರಟ ಕೈಗೆ ರಸೀತಿ ತಾಗಿತು. ನೂಲಿನಷ್ಟು ನೇರ. ಅವನದೇ ಅಕ್ಷರ, ಅವನದೇ ಸಹಿ, ಅರ್ಲನದೇ ಸಾಕ್ಷಿ. ಕೈ ಹೊರಗೆ ತೆಗೆದ.

"ನಾಳೆ ಸಂಜೆ ಬೇಟೆ ಮನೆಗೆ ಬರೋವಾಗ ಒಂಬತ್ತು ಅಂಗಿ ತಗೊಂಡು ಬಾ," ಎಂದ ಅರ್ಲ್. "ಗೋಡೇಲಿ ಜಾಗ ಮಾಡಿಸ್ತೀನಿ. ಬೇಕಿದ್ರೆ ಒಂದು ಹಲಗೆ ಜಾಸ್ತಿ ಹೊಡೆಸ್ತೀನಿ."

"ಹಲಗೆ ನಾನು ಕೊಡ್ತೀನಿ," ಎಂದ ವರ್ನ್ ಉತ್ಸಾಹದಿಂದ.

ಕೋರಾಳ ತುಟಿ ಅದುರುತ್ತಿತ್ತು. ಅದನ್ನು ನೋಡಿ ಅರ್ಲನ ಮನಸ್ಸೂ ಕರಗಿತೇನೋ. ಒಂದು ತೋಟಾ ತೆಗೆದು ಹಾರ್ಲನ್‌ನ ಅಂಗೈಯಲ್ಲಿಟ್ಟ. "ನ್ಯಾಯ ಅಂದ್ರೆ ನ್ಯಾಯ. ಒಂಟಿ ಗುಂಡಿನ ಕೋವಿ, ಒಂದೇ ಗುಂಡು. ಆ ತಟ್ಟೇಲಿ ಎಲ್ಲಿಗಾದ್ರೂ ತಾಗ್ಸು, ಒಂಬತ್ತೂ ಮಾಫಿ. ಗೋಡೆ ಹೇಗಿದೆಯೋ ಹಾಗೇ ಇರ್ಲಿ."

ಎಡ್ನಾಳೂ ಹೊಡೆದ ತಟ್ಟೆ. ಕಣ್ಣು ಕಾಣದವಳು ಹೊಡೆದ ತಟ್ಟೆ. ಹಾರ್ಲನ್ ತೋಟಾ ತುಂಬಿ ಕೋವಿ ಮುಚ್ಚಿದ. ಕಾಲು ಅಗಲಿಸಿ ನಿಂತ. ಬರ್ನೀಸ್ ಗಲ್ಲಾ ಬಿಟ್ಟು ಬಂದಳು, ಮೇವು ಕೊಳ್ಳಲು ಬಂದವರು ಬಂದರು, ಯಾರದೋ ನಾಯಿಯೂ ಬಂದು ಕೂತಿತು. ಹಾರ್ಲನ್ ಗುರಿ ಹಿಡಿದ. ತಟ್ಟೆ ಇಷ್ಟು ದೊಡ್ಡದಾಗಿ ಕಾಣುತ್ತಿತ್ತು. ದೇವರನ್ನು ನೆನೆದ, ಡೋರೀನಳನ್ನು ನೆನೆದ, ಕುದುರೆ ಒತ್ತಿದ.

ಢಂ.

ಹತ್ತು ಹೆಜ್ಜೆ ಆಚೆ ರಾಶಿಯ ತುದಿಯಲ್ಲಿದ್ದ ಕುಂಬಳಕಾಯಿಯೊಂದು ಚೂರುಚೂರಾಗಿ ಆಕಾಶಕ್ಕೆ ಹಾರಿತು. ತಿರುಳು ಬಂದು ಅರ್ಲನ ಟೋಪಿಯ ಮೇಲೆ ಕೂತಿತು. ತಟ್ಟೆ ಮಾತ್ರ ಐದೇ ತೂತು ಹೊತ್ತುಕೊಂಡು ತಣ್ಣಗೆ ನಿಂತಿತ್ತು.

"ಏನು ಬಿತ್ತು?" ಎಂದಳು ಎಡ್ನಾ ಕಣ್ಣು ಕಿರಿದು ಮಾಡಿ. "ಕೊಂಬಿತ್ತಾ?"

ಅಷ್ಟು ಹೊತ್ತು ಕಟ್ಟಿಕೊಂಡಿದ್ದ ನಗು ಆಗ ಒಡೆಯಿತು. ವರ್ನ್ ಶಾಲು ಜಾರಿದ್ದು ಗೊತ್ತಾಗದೆ ನೆಲಕ್ಕೆ ಕೂತ. ಬರ್ನೀಸ್ ಬಾಗಿಲು ಹಿಡಿದುಕೊಂಡಳು. ನಗದಿದ್ದವಳು ಕೋರಾ ಒಬ್ಬಳೇ. ಅವಳು ಅಪ್ಪನ ಹತ್ತಿರ ಬಂದು, ಪರೀಕ್ಷೆಯಲ್ಲಿ ಹೇಳಿಕೊಟ್ಟ ಹಾಗೆ ಕೋವಿಯನ್ನು ತೆಗೆದುಕೊಂಡು ಮಡಚಿ, ಖಾಲಿ ಇದೆಯೆಂದು ನೋಡಿ ಕೈಗೆ ತೂಗುಹಾಕಿಕೊಂಡಳು.

"ಅಪ್ಪಾ, ನಿಂಗೆ ಗೊತ್ತಾ?" ಎಂದಳು ಮೆಲ್ಲಗೆ. "ಕುದುರೆ ಒತ್ತೋವಾಗ ನೀನು ಎರಡೂ ಕಣ್ಣು ಮುಚ್ಕೋತೀಯ."

ಇಪ್ಪತ್ತೊಂಬತ್ತು ವರ್ಷದಲ್ಲಿ ಈ ಮಾತನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಬೇಟೆಯಲ್ಲಿ ಎಲ್ಲರೂ ಜಿಂಕೆಯನ್ನು ನೋಡುತ್ತಾರೆ, ಹಾರ್ಲನ್‌ನ ಮುಖವನ್ನು ಯಾರು ನೋಡುತ್ತಾರೆ? ಅವನಿಗೆ ಒಮ್ಮೆಗೇ ಅಳುವೂ ನಗುವೂ ಬಂದವು.

"ನಾನು ಹೇಳ್ಕೊಡ್ತೀನಿ ಬಿಡು," ಎಂದಳು ಕೋರಾ. "ಕಷ್ಟ ಇಲ್ಲ."

ಮನೆಗೆ ಬಂದಾಗ ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು. ಮೊನ್ನೆ ಹಬ್ಬದ ಟರ್ಕಿ ಕೋಳಿಯ ಕೊನೆಯ ತುಂಡುಗಳು ಬ್ರೆಡ್ಡಿನ ನಡುವೆ ಒಣಗುತ್ತಿದ್ದವು. ಅಂಗಡಿಯಿಂದಲೇ ಎಡ್ನಾ ಮಗಳಿಗೆ ಫೋನು ಮಾಡಿದ್ದಳು, ಆದರೆ ಸ್ವಲ್ಪ ಬೇಗ ಮಾಡಿದ್ದಳು, ಅರ್ಲ್ ಒಂಬತ್ತು ಅಂಗಿ ಕೇಳಿದ ಕೂಡಲೇ, ಕುಂಬಳಕಾಯಿಗಿಂತ ಮುಂಚೆ. ಹಾರ್ಲನ್ ಮಲಗುವ ಕೋಣೆಗೆ ಹೋಗಿ ನೋಡಿದ. ಡೋರೀನ್ ಅವನ ಅಂಗಿಗಳನ್ನೆಲ್ಲ ಇಸ್ತ್ರಿ ಮಾಡಿ ಹಾಸಿಗೆಯ ಮೇಲೆ ಸಾಲಾಗಿ ಜೋಡಿಸಿದ್ದಳು. ಏಳು ಅಂಗಿ, ಸಾಲದ್ದಕ್ಕೆ ಎರಡು ರಾತ್ರಿ ಅಂಗಿ.

"ಒಂಬತ್ತು ಅಂತ ಅಮ್ಮ ಹೇಳಿದ್ರು," ಎಂದಳು ಡೋರೀನ್. "ಸುಕ್ಕಾಗಿರೋದನ್ನ ಗೋಡೆಗೆ ಹೊಡೆದ್ರೆ ನಂಗೆ ಅವಮಾನ. ಎಣಿಸ್ಕೋ. ಮುಖಕ್ಕೇನು ಮೆತ್ಕೊಂಡಿದ್ದೀಯ?"

ಹಾರ್ಲನ್ ಹಾಸಿಗೆಯ ತುದಿಗೆ ಕೂತ. ಕಿಟಕಿಯ ಆಚೆ ಕೋರಾ ವರ್ನ್‌ಗೆ ಎಲ್ಲಿ ಕೊಯ್ಯಬೇಕೆಂದು ತೋರಿಸುತ್ತಿದ್ದಳು, ಗರಗಸದ ಸದ್ದು ಕೇಳುತ್ತಿತ್ತು.

"ಹತ್ತು," ಎಂದ ಹಾರ್ಲನ್.

ಡೋರೀನ್ ಅವನ ಮುಖ ನೋಡಿದಳು. ಆಮೇಲೆ ಬೀರುವಿನ ಒಳಗೆ ಕೈಹಾಕಿ, ಪ್ಲಾಸ್ಟಿಕ್ ಹೊದಿಕೆ ಸರಿಸಿ, ಅವನ ಮದುವೆಯ ಅಂಗಿ ತೆಗೆದಳು.